ಅಲ್ಪವಿರಾಮಕ್ಕೆ ಎಷ್ಟು ಅಂಕ?

ಅನೇಕ ವರ್ಷಗಳ ಹಿಂದಿನ ಮಾತು. ಬೀದರಿನ ಒಂದು ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷು ಕಲಿಸುತ್ತಿದ್ದೆ. ಬೇಸಗೆಯ ಒಂದು ಮಧ್ಯಾಹ್ನ, ಒಂಬತ್ತನೆಯ ತರಗತಿಯ ವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನು ಮೈಲೂರಿನ ನನ್ನ ಮನೆಗೆ ತಂದು, ಕೆಂಪು ಮಸಿಯ ಲೇಖನಿ ಹಿಡಿದು ಕುಳಿತಿದ್ದೆ. ಪ್ರಶ್ನಪತ್ರಿಕೆಯನ್ನು ತಯಾರಿಸಿದವನೂ ನಾನೇ. ಹುಡುಗರಿಗೆ ಲೇಖನ ಚಿಹ್ನೆಗಳ ಜ್ಞಾನ ಎಷ್ಟಿದೆಯೆಂದು ಒರೆಗೆ ಹಚ್ಚಲು ಅದರಲ್ಲಿ ಒಂದು ಪ್ರಶ್ನೆ ಸೇರಿಸಿದ್ದೆ. ಚಿಹ್ನೆಗಳೊಂದೂ ಇಲ್ಲದ ಒಂದು ವಾಕ್ಯ. ಅದಕ್ಕೆ ಸೂಕ್ತ ಚಿಹ್ನೆಗಳನ್ನು ಹಾಕಿ ಬರೆಯಬೇಕು. ವಾಕ್ಯ ಇದು: ‘ದಿ ಇನ್ಸ್‌ಪೆಕ್ಟರ್ ಸೆಡ್ ದಿ ಹೆಡ್‌ಮಾಸ್ಟರ್ ಈಸ್ ಲೇಟ್’. ಸರಿಯುತ್ತರಕ್ಕೆ ಎರಡು ಅಂಕ.

ನಾನು ಬಯಸಿದ ಉತ್ತರ ಸುಲಭವಾದದ್ದು. ‘ಸೆಡ್’ ಎಂಬುದರ ಮುಂದೆ ಒಂದು ಅಲ್ಪವಿರಾಮ, ಅಲ್ಲಿಂದ ಮುಂದಿನ ಮಾತಿಗೆ ಉದ್ಧರಣ ಚಿಹ್ನೆ, ಕೊನೆಗೆ ಪೂರ್ಣವಿರಾಮ. ಹೆಡ್‌ಮಾಸ್ತರರು ತಡವಾಗಿ ಬಂದಿದ್ದಾರೆಂದು ಇನ್ಸ್‌ಪೆಕ್ಟರರು ಹೇಳಿದರು ಎಂದು ಅರ್ಥ. ಅನೇಕರು ಹಾಗೆಯೇ ಬರೆದಿದ್ದರು. ಒಬ್ಬ ಹುಡುಗ ಮಾತ್ರ ‘ದಿ ಇನ್ಸ್‌ಪೆಕ್ಟರ್’ ಎಂಬಲ್ಲಿಗೇ ಉದ್ಧರಣವನ್ನು ಒಮ್ಮೆ ಮುಚ್ಚಿ, ‘ಸೆಡ್ ದಿ ಹೆಡ್‌ಮಾಸ್ಟರ್’ ಎಂಬುದನ್ನು ಎರಡು ಅಲ್ಪವಿರಾಮಗಳ ನಡುವೆ ಇಟ್ಟು, ‘ಈಸ್ ಲೇಟ್’ ಎಂಬುದಕ್ಕೆ ಮತ್ತೆ ಉದ್ಧರಣ ತೆರೆದಿದ್ದ. ತಡವಾಗಿ ಬಂದವರು ಇನ್ಸ್‌ಪೆಕ್ಟರರು. ಹಾಗೆಂದು ಹೇಳಿದವರು ಹೆಡ್‌ಮಾಸ್ತರರು. ನಾನು ಎರಡನೆಯ ಸಲ ಓದದೆ ಅಡ್ಡಗೀಟು ಎಳೆದು ಸೊನ್ನೆ ಹಾಕಿದೆ. ಆ ವರ್ಷ ಅವನು ಇಂಗ್ಲಿಷಿನಲ್ಲಿ ಒಂದೇ ಒಂದು ಅಂಕ ಕಡಮೆಯಾಗಿ ನಪಾಸಾದ.

ಶಾಲೆ ಮತ್ತೆ ತೆರೆದಾಗ ಆ ಹುಡುಗ ನನ್ನ ಮೇಜಿನ ಹತ್ತಿರ ಬಂದು ನಿಂತ. “ಸರ್, ನಂದು ತಪ್ಪು ಹ್ಯಾಂಗ? ನಮ್ಮ ಹೆಡ್‌ಮಾಸ್ತರ್ ಎಂದೂ ತಡ ಮಾಡಿ ಬಂದವರಲ್ಲ. ತಡ ಮಾಡಿ ಬರೋರು ಇನ್ಸ್‌ಪೆಕ್ಟರ್ ಸಾಹೇಬರೇ” ಎಂದ. ನಾನು ನಕ್ಕೆ. ಫಲಿತಾಂಶ ಆಗಲೇ ಹೊರಬಿದ್ದಿತ್ತು. “ನಿಯಮ ಇರೋದೇ ಹಾಗೆ” ಎಂದು ಹೇಳಿ ಕಳುಹಿಸಿದೆ.

ನಿಯಮ ಹಾಗಿರಲಿಲ್ಲ. ಅವನ ಉತ್ತರದಲ್ಲಿ ಒಂದು ಚಿಹ್ನೆಯೂ ತಪ್ಪಿರಲಿಲ್ಲ. ಇಂಗ್ಲಿಷಿನಲ್ಲಿ ಆ ವಾಕ್ಯಕ್ಕೆ ಎರಡು ಅರ್ಥಗಳು ಸಾಧ್ಯ. ನಾನು ಒಂದನ್ನು ಮಾತ್ರ ಕಂಡಿದ್ದೆ. ಲೇಖನ ಚಿಹ್ನೆ ಏಕೆ ಬೇಕು ಎಂಬುದನ್ನು ಇಡೀ ತರಗತಿಯಲ್ಲಿ ಕಂಡುಕೊಂಡವನು ಅವನೊಬ್ಬನೇ ಇರಬಹುದು. ಇಂಗ್ಲಿಷಿನ ಲೇಖನ ಚಿಹ್ನೆಗಳನ್ನು ನಾವು ಪರೀಕ್ಷಿಸುವಾಗ ನಿಜವಾಗಿ ಏನನ್ನು ಪರೀಕ್ಷಿಸುತ್ತೇವೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಇಂದು ಅದನ್ನೇ ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಈ ಚಿಹ್ನೆಗಳು ಮೊದಲು ಹುಟ್ಟಿದ್ದು ಕಿವಿಗಾಗಿ, ಕಣ್ಣಿಗಾಗಿ ಅಲ್ಲ. ಕ್ರಿಸ್ತಪೂರ್ವ 200ರ ಸುಮಾರಿನಲ್ಲಿ ಅಲೆಕ್ಸಾಂಡ್ರಿಯಾ ನಗರದ ಗ್ರಂಥಾಲಯದ ಮುಖ್ಯಸ್ಥನಾಗಿದ್ದ ಬೈಜಾಂಟಿಯಮ್ಮಿನ ಅರಿಸ್ಟೋಫನೀಸ್ ಎಂಬ ವಿದ್ವಾಂಸ, ಪದಗಳ ನಡುವೆ ತೆರಪಿಲ್ಲದೆ ಬರೆಯುತ್ತಿದ್ದ ಗ್ರೀಕ್ ಗ್ರಂಥಗಳನ್ನು ಗಟ್ಟಿಯಾಗಿ ಓದುವವರಿಗೆ ನೆರವಾಗಲೆಂದು ಮೂರು ಎತ್ತರಗಳಲ್ಲಿ ಚುಕ್ಕೆ ಇಡುವ ಕ್ರಮವನ್ನು ರೂಪಿಸಿದ. ಎಲ್ಲಿ ಸ್ವಲ್ಪ ನಿಲ್ಲಬೇಕು, ಎಲ್ಲಿ ಹೆಚ್ಚು ನಿಲ್ಲಬೇಕು, ಎಲ್ಲಿ ಮುಗಿಸಬೇಕು ಎಂಬುದಕ್ಕೆ ಆ ಚುಕ್ಕೆಗಳು. ಇಂಗ್ಲಿಷಿನ ‘ಕಾಮಾ’ ಗ್ರೀಕಿನಿಂದ ಬಂದ ಮಾತು; ಕತ್ತರಿಸಿದ ತುಂಡು ಎಂದು ಅದರ ಮೂಲಾರ್ಥ. ಹದಿನೈದನೆಯ ಶತಮಾನದ ಕೊನೆಯಲ್ಲಿ ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸನ ಅಚ್ಚುಕೂಟದಲ್ಲಿ ಇಂದಿನ ಅರ್ಧವಿರಾಮ ಹುಟ್ಟಿತು. ಅಲ್ಪವಿರಾಮಕ್ಕೆ ಇಂದಿನ ಬಾಗು ಬಂದದ್ದೂ ಆ ಕಾಲದ ಮುದ್ರಕರ ಕೈಯಲ್ಲಿಯೇ.

1762ರಲ್ಲಿ ಇಂಗ್ಲಿಷ್ ವ್ಯಾಕರಣ ಬರೆದ ರಾಬರ್ಟ್ ಲೌತ್ ಎಂಬ ಪಾದ್ರಿ ಇವನ್ನೆಲ್ಲ ತಾಳದ ಲೆಕ್ಕಕ್ಕೆ ತಂದ. ಅಲ್ಪವಿರಾಮದ ಎರಡರಷ್ಟು ಕಾಲ ಅರ್ಧವಿರಾಮ, ಅದರ ಎರಡರಷ್ಟು ಕೋಲನ್, ಅದರ ಎರಡರಷ್ಟು ಪೂರ್ಣವಿರಾಮ. ಒಂದು, ಎರಡು, ನಾಲ್ಕು, ಎಂಟು. ನಾನು ಚಿಕ್ಕವನಾಗಿದ್ದಾಗ ನಮ್ಮ ಮಾಸ್ತರರು ಕಲಿಸಿದ್ದೂ ಈ ಬಗೆಯ ಪಾಠವೇ. ಉಸಿರು ನಿಂತಲ್ಲಿ ಕಾಮಾ ಹಾಕು ಎಂದು ಅವರು ಹೇಳುತ್ತಿದ್ದರು. ನಾನೂ ನನ್ನ ಹುಡುಗರಿಗೆ ಅದನ್ನೇ ಹೇಳಿದೆ.

ಬಾನುಲಿಯಲ್ಲಿ ಮಾತನಾಡುವವನಿಗೆ ಈ ಪಾಠ ಸಾಕು. ನನ್ನ ಮುಂದಿರುವ ಹಾಳೆಯ ಮೇಲೆ ಉಸಿರು ನಿಲ್ಲಿಸಬೇಕಾದಲ್ಲೆಲ್ಲ ಸೀಸದ ಕಡ್ಡಿಯಿಂದ ಗೀಟು ಎಳೆದುಕೊಂಡಿದ್ದೇನೆ. ಆದರೆ ಇಂಗ್ಲಿಷಿನ ಪರೀಕ್ಷೆಗೆ ಈ ಪಾಠವನ್ನು ನಂಬಿಕೊಂಡು ಹೋದವನು ಮೋಸಹೋಗುತ್ತಾನೆ. ಏಕೆಂದರೆ ಲೌತ್‌ನ ಅನಂತರ ಆ ಚಿಹ್ನೆಗಳು ಮೆಲ್ಲಮೆಲ್ಲನೆ ಕಿವಿಯನ್ನು ಬಿಟ್ಟು ಕಣ್ಣಿನ ಪಕ್ಷಕ್ಕೆ, ಎಂದರೆ ವ್ಯಾಕರಣದ ಪಕ್ಷಕ್ಕೆ ಸರಿದವು. ಹತ್ತು ಪದಗಳ ಉದ್ದದ ಕರ್ತೃಭಾಗವನ್ನು ಓದಿದ ಮೇಲೆ ಯಾರಿಗಾದರೂ ಉಸಿರು ನಿಲ್ಲುತ್ತದೆ; ಆದರೂ ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಬರಿಯ ಒಂದು ಅಲ್ಪವಿರಾಮವನ್ನು ಇಡಬಾರದೆನ್ನುತ್ತದೆ ಇಂದಿನ ನಿಯಮ. ‘ಬಾಯ್ಸ್’ ಎಂಬ ಒಂದೇ ಉಚ್ಚಾರಣೆಗೆ ಇಂಗ್ಲಿಷಿನಲ್ಲಿ ಮೂರು ಬರವಣಿಗೆಗಳಿವೆ. ಮೇಲೆ ಕೊಕ್ಕೆಯಿಲ್ಲದಿದ್ದರೆ ಹುಡುಗರು. ಕೊನೆಯ ಅಕ್ಷರಕ್ಕೆ ಮೊದಲು ಕೊಕ್ಕೆಯಿದ್ದರೆ ಹುಡುಗನ. ಅದರ ಅನಂತರವಿದ್ದರೆ ಹುಡುಗರ. ಎಷ್ಟು ಸೂಕ್ಷ್ಮವಾದ ಕಿವಿಯಿದ್ದರೂ ಈ ಭೇದ ಕೇಳಿಸದು.

ನಾನು ಈಗ ಹೇಳಿದ ಮೂರು ಕನ್ನಡ ಪದಗಳನ್ನು ಗಮನಿಸಿ: ಹುಡುಗರು, ಹುಡುಗನ, ಹುಡುಗರ. ಕನ್ನಡದಲ್ಲಿ ಮೂರೂ ಬೇರೆ ಬೇರೆ ಕೇಳಿಸುತ್ತವೆ. ಇಂಗ್ಲಿಷು ಒಂದು ಕೊಕ್ಕೆಗೆ ವಹಿಸಿದ ಕೆಲಸವನ್ನು ಕನ್ನಡ ತನ್ನ ವಿಭಕ್ತಿಪ್ರತ್ಯಯಕ್ಕೆ ವಹಿಸಿದೆ. ನಮ್ಮ ಮಕ್ಕಳ ತೊಡಕಿನ ಗುಟ್ಟು ಇಲ್ಲಿದೆ ಎಂದು ನನಗೆ ಹೊಳೆಯುವುದಕ್ಕೆ ಬಹಳ ಕಾಲ ಹಿಡಿಯಿತು.

ನನ್ನ ಆ ವಾಕ್ಯವನ್ನೇ ಕನ್ನಡಕ್ಕೆ ತನ್ನಿ. ‘ಹೆಡ್‌ಮಾಸ್ತರರು ತಡವಾಗಿ ಬಂದರು ಎಂದು ಇನ್ಸ್‌ಪೆಕ್ಟರರು ಹೇಳಿದರು.’ ಇದರಲ್ಲಿ ಒಂದು ಚಿಹ್ನೆಯೂ ಇಲ್ಲದಿದ್ದರೂ ಆಡಿದವರು ಯಾರು, ಆಡಿದ್ದು ಯಾರನ್ನು ಕುರಿತು ಎಂಬುದರಲ್ಲಿ ಸಂದೇಹವಿಲ್ಲ. ‘ಎಂದು’ ಎಂಬ ಎರಡಕ್ಷರ ಉದ್ಧರಣ ಚಿಹ್ನೆಯ ಕೆಲಸವನ್ನು ಮಾಡಿಬಿಡುತ್ತದೆ. ‘ಬಂದನೆ’ ಎಂಬಲ್ಲಿ ಕೊನೆಯ ‘ಎ’ಕಾರವೇ ಪ್ರಶ್ನೆ, ಮುಂದಿನ ಪ್ರಶ್ನಾರ್ಥಕ ಚಿಹ್ನೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ‘ಅಣ್ಣನೂ ತಮ್ಮನೂ ತಂಗಿಯೂ’ ಎಂದಾಗ ‘ಊ’ಕಾರವೇ ಎಣಿಸಿಕೊಡುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸಂಧಿಗೆ, ನಾಮಕ್ಕೆ, ಸಮಾಸಕ್ಕೆ, ಆಖ್ಯಾತಕ್ಕೆ, ಅವ್ಯಯಕ್ಕೆ ಪ್ರಕರಣಗಳನ್ನು ಬರೆದ. ಲೇಖನ ಚಿಹ್ನೆಗಳಿಗೆ ಒಂದು ಪ್ರಕರಣವಿಲ್ಲ. ಹಳಗನ್ನಡದ ಓಲೆಗರಿಗಳಲ್ಲಿ ಒಂದು ಗೀಟು, ಎರಡು ಗೀಟು ಬಿಟ್ಟರೆ ಹೆಚ್ಚಿನದೇನೂ ಬೇಕಾಗಲಿಲ್ಲ. ಇಂದು ನಾವು ಕನ್ನಡದಲ್ಲಿ ಬಳಸುವ ಚಿಹ್ನೆಗಳೆಲ್ಲ ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಿನ ಮೊಳೆಗಳ ಜೊತೆಗೆ ಬಂದ ನೆಂಟರು.

ಇದನ್ನು ಅರಿಯಲು ಬೀದರಿನಂಥ ಊರು ಇನ್ನೊಂದಿಲ್ಲ. 1948ರ ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಈ ಊರಿನಲ್ಲಿ ಒಂದು ಸುತ್ತು ತಿರುಗಿದರೆ ಐದು ಲಿಪಿಗಳು ಕಣ್ಣಿಗೆ ಬೀಳುತ್ತವೆ. ಕನ್ನಡ ಮತ್ತು ಇಂಗ್ಲಿಷಿನ ಪ್ರಶ್ನಾರ್ಥಕ ಚಿಹ್ನೆ ಒಂದು ಕಡೆ ಮುಖ ಮಾಡಿದರೆ, ಬಲದಿಂದ ಎಡಕ್ಕೆ ಓಡುವ ಉರ್ದುವಿನದು ಅದಕ್ಕೆ ಎದುರು ಮುಖ ಮಾಡಿ ನಿಂತಿರುತ್ತದೆ. ಉರ್ದುವಿನ ಪೂರ್ಣವಿರಾಮ ಚುಕ್ಕೆಯಲ್ಲ, ಪುಟ್ಟ ಅಡ್ಡಗೀಟು. ಹಿಂದಿ ವಾಕ್ಯದ ಕೊನೆಗೆ ನಿಲುಗೀಟು. ಅದೇ ನಾಗರಿ ಲಿಪಿಯ ಮರಾಠಿಗೆ ಇಂಗ್ಲಿಷಿನಂತೆ ಚುಕ್ಕೆ. ಹಿಂದೆ ಮರಾಠಿ ದಸ್ತಾವೇಜುಗಳನ್ನು ಬರೆಯುತ್ತಿದ್ದ ಮೋಡಿ ಲಿಪಿಯಲ್ಲಂತೂ ಪದಗಳ ನಡುವೆ ತೆರಪೂ ಇರಲಿಲ್ಲ. ನಾನಕ್ ಝರಾ ಗುರುದ್ವಾರದ ಗುರುಮುಖಿ ಪಾಠದಲ್ಲಿ ಜೋಡಿಗೀಟು.

ನನ್ನ ನೆರೆಮನೆಯ ಹುಡುಗಿಯೊಬ್ಬಳು ಇಂಗ್ಲಿಷಿನ ಕಾಮಾ ಎಂದರೆ ಹೆದರುತ್ತಿದ್ದಳು. ಅವಳು ಬೆಳಗಿನ ಹೊತ್ತು ಕುರಾನ್ ಓದುವುದನ್ನು ನಾನು ಕೇಳುತ್ತಿದ್ದೆ. ಕುರಾನಿನ ಪ್ರತಿಗಳಲ್ಲಿ ಸಾಲಿನ ಮೇಲೆ ಸಣ್ಣ ಅಕ್ಷರಗಳಿರುತ್ತವೆ. ‘ಮೀಮ್’ ಎಂದಿದ್ದರೆ ನಿಲ್ಲಲೇಬೇಕು. ‘ಲಾ’ ಎಂದಿದ್ದರೆ ನಿಲ್ಲಬಾರದು. ಆ ಮಗು ಅವನ್ನು ಒಂದೂ ತಪ್ಪದೆ ಪಾಲಿಸುತ್ತಿತ್ತು. ತಪ್ಪಿದರೆ ಅರ್ಥ ಕೆಡುತ್ತದೆ ಎಂದು ಅವಳಿಗೆ ಹೇಳಿಕೊಟ್ಟಿದ್ದರು. ಚಿಹ್ನೆ ಅವಳಿಗೆ ಹೊಸತಲ್ಲ. ಅದರ ಹಿಂದಿನ ಕಾರಣವನ್ನು ಶಾಲೆಯಲ್ಲಿ ನಾವು ಹೇಳಿಕೊಟ್ಟಿರಲಿಲ್ಲ, ಅಷ್ಟೆ.

ಒಮ್ಮೆ ತರಗತಿಯಲ್ಲಿ ನಮ್ಮ ಊರಿನ ಎಲ್ಲರಿಗೂ ಬರುವ ಮಾತೊಂದನ್ನು ಹಲಗೆಯ ಮೇಲೆ ಬರೆದೆ: ‘ರೋಕೋ ಮತ್ ಜಾನೇ ದೋ’. ‘ರೋಕೋ’ ಎಂದು ನಿಲ್ಲಿಸಿದರೆ ಅವನನ್ನು ತಡೆಯಿರಿ, ಬಿಡಬೇಡಿರಿ ಎಂದು ಅರ್ಥ. ‘ರೋಕೋ ಮತ್’ ಎಂದು ನಿಲ್ಲಿಸಿದರೆ ತಡೆಯಬೇಡಿರಿ, ಬಿಡಿರಿ ಎಂದಾಗುತ್ತದೆ. ಒಂದು ಅಲ್ಪವಿರಾಮ ಒಂದು ಪದದಷ್ಟು ಸರಿದರೆ ಕಳ್ಳ ತಪ್ಪಿಸಿಕೊಂಡ. ಹುಡುಗರು ನಕ್ಕರು. ಇದನ್ನೇ ಕನ್ನಡದಲ್ಲಿ ಕೆಡಿಸಿ ತೋರಿಸಿ ಎಂದೆ. ಯಾರಿಗೂ ಆಗಲಿಲ್ಲ. ‘ತಡೆಯಬೇಡಿರಿ’ ಎಂಬಲ್ಲಿ ನಿಷೇಧವು ಕ್ರಿಯಾಪದವನ್ನು ಬಿಗಿಯಾಗಿ ಹಿಡಿದುಕೊಂಡಿದೆ. ಹಿಂದಿ, ಉರ್ದು, ಇಂಗ್ಲಿಷುಗಳಲ್ಲಿ ಅದು ಬಿಡಿಯಾದ ಪದ. ಪದ ಬಿಡಿಯಾದಷ್ಟೂ ಚಿಹ್ನೆಯ ಹೊರೆ ಹೆಚ್ಚು. ಅಂದು ಹುಡುಗರಿಗೆ ಅರ್ಥವಾದದ್ದು ನನ್ನ ನಿಯಮಗಳ ಪಟ್ಟಿಯಿಂದ ಅದುವರೆಗೂ ಆಗಿರಲಿಲ್ಲ.

ಹೀಗೆ ನೋಡತೊಡಗಿದಾಗ ಅವರ ತಪ್ಪುಗಳಿಗೂ ಒಂದು ಕ್ರಮವಿರುವುದು ಕಂಡಿತು. ‘ಮನೆಗೆ ಬಂದು, ಊಟ ಮಾಡಿ, ಮಲಗಿದೆ’ ಎನ್ನುವ ಹುಡುಗ ಇಂಗ್ಲಿಷಿನಲ್ಲಿ ಮೂರು ಪೂರ್ಣವಾಕ್ಯಗಳನ್ನು ಬರೆದು ನಡುವೆ ಬರಿಯ ಅಲ್ಪವಿರಾಮ ಇಡುತ್ತಾನೆ. ಕನ್ನಡದ ‘ಬಂದು’, ‘ಮಾಡಿ’ಗಳು ವಾಕ್ಯವನ್ನು ಮುಗಿಸದೆ ಮುಂದಕ್ಕೆ ಕೈಚಾಚುತ್ತವೆ, ಇಂಗ್ಲಿಷಿನ ಕ್ರಿಯಾಪದಗಳು ಹಾಗೆ ಚಾಚುವುದಿಲ್ಲವೆಂಬುದನ್ನು ಅವನಿಗೆ ಯಾರೂ ತೋರಿಸಿಲ್ಲ. ‘ನೀನು ಎಲ್ಲಿರುತ್ತೀ ಎಂದು ಕೇಳಿದ’ ಎಂಬಲ್ಲಿ ಕನ್ನಡವು ಪ್ರಶ್ನೆಯನ್ನು ಇದ್ದಂತೆಯೇ ಉಳಿಸಿಕೊಳ್ಳುತ್ತದೆ. ಆದ್ದರಿಂದ ಇಂಗ್ಲಿಷಿನ ಪರೋಕ್ಷ ವಾಕ್ಯದ ಕೊನೆಗೂ ಅವನು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾನೆ. ಊರಿನ ಹೆಸರನ್ನು ಸಣ್ಣ ಅಕ್ಷರದಿಂದ ಆರಂಭಿಸುತ್ತಾನೆ. ಕನ್ನಡ, ನಾಗರಿ, ಉರ್ದು, ಗುರುಮುಖಿ ಯಾವುದರಲ್ಲಿಯೂ ದೊಡ್ಡಕ್ಷರ ಸಣ್ಣಕ್ಷರಗಳೆಂಬ ಭೇದವೇ ಇಲ್ಲವಲ್ಲ. ಇವು ಅಲಕ್ಷ್ಯದ ತಪ್ಪುಗಳಲ್ಲ. ಒಂದು ಭಾಷೆಯನ್ನು ಚೆನ್ನಾಗಿ ಬಲ್ಲವನು ಇನ್ನೊಂದರಲ್ಲಿ ಮಾಡುವ ತಪ್ಪುಗಳು.

ಹಾಗೆಂದು ಕನ್ನಡಕ್ಕೆ ಚಿಹ್ನೆಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ‘ಹಳೆಯ ಮನೆಯ ಬಾಗಿಲು’ ಎಂದರೆ ಹಳೆಯದು ಮನೆಯೋ ಬಾಗಿಲೋ? ‘ಅವನು ಓಡಿ ಬಂದ ಹುಡುಗನನ್ನು ಹಿಡಿದ’ ಎಂದರೆ ಓಡಿದವನು ಯಾರು? ಇಲ್ಲಿ ಒಂದು ಅಲ್ಪವಿರಾಮ ಬಂದು ಬಿಡಿಸಿದರೆ ಉಪಕಾರ. ಇನ್ನು ‘ಹೈದರಾಬಾದಿನಲ್ಲಿರುವ ನನ್ನ ಅಣ್ಣ’ ಎಂದರೆ ನನಗೆ ಒಬ್ಬನೇ ಅಣ್ಣನೋ, ಹಲವರಲ್ಲಿ ಹೈದರಾಬಾದಿನವನೋ ಎಂಬುದು ಕನ್ನಡದಲ್ಲಿ ತಿಳಿಯದು. ಇಂಗ್ಲಿಷಿನಲ್ಲಿ ‘ಮೈ ಬ್ರದರ್’ ಎಂದ ಮೇಲೆ ‘ಹೂ ಲಿವ್ಸ್ ಇನ್ ಹೈದರಾಬಾದ್’ ಎಂಬುದನ್ನು ಎರಡು ಅಲ್ಪವಿರಾಮಗಳ ನಡುವೆ ಇಟ್ಟರೆ ಅಣ್ಣ ಒಬ್ಬನೇ. ಅವನ್ನು ತೆಗೆದರೆ ಅಣ್ಣಂದಿರು ಹಲವರು. ಪದಗಳಿಂದ ಆಗದ ಕೆಲಸವನ್ನು ಇಲ್ಲಿ ಎರಡು ಕೊಕ್ಕೆಗಳು ಮಾಡಿವೆ. ಪರಭಾಷೆಯಿಂದ ಕಲಿಯತಕ್ಕದ್ದು ಇಂಥದು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇ ಎಂದು ಕೇಳುವವರಿರಬಹುದು. ನ್ಯಾಯಾಲಯಗಳೂ ಇದನ್ನು ಕೇಳಿಕೊಂಡಿವೆ. ವಕೀಲಿ ವೃತ್ತಿಗೆ ಸಂಬಂಧಿಸಿದ 1952ರ ಒಂದು ಮೊಕದ್ದಮೆಯಲ್ಲಿ, ಶಾಸನದ ಅರ್ಥ ನಿರ್ಣಯಿಸುವಾಗ ಲೇಖನ ಚಿಹ್ನೆ ಗೌಣವಾದ ಅಂಶವೆಂಬ ಅಭಿಪ್ರಾಯ ನಮ್ಮ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಲ್ಲಿ ಬಂದಿತು. ಆದರೆ 1979ರಲ್ಲಿ ವರದಿಯಾದ, ಮಹಾರಾಷ್ಟ್ರದಿಂದ ಬಂದ ಇನ್ನೊಂದು ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಅಲ್ಪವಿರಾಮದತ್ತ ಬೆರಳು ತೋರಿಸಿತು. 1940ರ ಔಷಧ ಕಾಯಿದೆಯ 27ನೆಯ ಕಲಮಿನ ಇಂಗ್ಲಿಷ್ ಪಾಠದಲ್ಲಿ, ಸಂಗ್ರಹಿಸುವುದು ಎಂಬ ಪದದ ಮುಂದೆ ಅಲ್ಪವಿರಾಮವಿಲ್ಲ. ಆದುದರಿಂದ ಅದರ ಅನಂತರ ಬರುವ ‘ಮಾರಾಟಕ್ಕಾಗಿ’ ಎಂಬ ಮಾತು ಅದಕ್ಕೂ ಸೇರುತ್ತದೆ. ಬರಿದೆ ಇಟ್ಟುಕೊಂಡದ್ದು ಆ ಕಲಮಿನ ಅಪರಾಧವಾಗದು, ಮಾರಾಟಕ್ಕೆಂದು ಇಟ್ಟುಕೊಂಡದ್ದು ಸಿದ್ಧವಾಗಬೇಕು ಎಂದಿತು. ಒಬ್ಬ ಮನುಷ್ಯನ ಬಿಡುಗಡೆ ಇಲ್ಲದ ಒಂದು ಚಿಹ್ನೆಯನ್ನು ಆಶ್ರಯಿಸಿತ್ತು.

ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಡೈರಿಯ ವಾಹನ ಚಾಲಕರು ಹೆಚ್ಚುವರಿ ದುಡಿಮೆಯ ಕೂಲಿಗಾಗಿ ಹೂಡಿದ ದಾವೆಯೂ ಹೀಗೆಯೇ. ಯಾವ ಕೆಲಸಗಳಿಗೆ ಆ ಕೂಲಿಯಿಲ್ಲವೆಂದು ಹೇಳುವ ಕಾನೂನಿನ ಪಟ್ಟಿಯ ಕೊನೆಯಲ್ಲಿ ಒಂದು ಅಲ್ಪವಿರಾಮವಿರಲಿಲ್ಲ. ಹಾಗಾಗಿ, ಸರಕನ್ನು ಹಂಚುವುದೂ ಪಟ್ಟಿಗೆ ಸೇರಿದ ಬೇರೆಯೇ ಕೆಲಸವೋ, ಹಂಚಿಕೆಗಾಗಿ ಕಟ್ಟುವುದು ಮಾತ್ರವೋ ಎಂಬುದು ಸ್ಪಷ್ಟವಿರಲಿಲ್ಲ. 2017ರಲ್ಲಿ ಮೇಲ್ಮನವಿಯ ನ್ಯಾಯಾಲಯ ಸಂದೇಹದ ಲಾಭವನ್ನು ಚಾಲಕರಿಗೆ ಕೊಟ್ಟಿತು. ಮರುವರ್ಷ 50 ಲಕ್ಷ ಡಾಲರುಗಳಿಗೆ ರಾಜಿಯಾಯಿತು. ಈ ಮೊಕದ್ದಮೆಗಳಲ್ಲಿ ನ್ಯಾಯಾಧೀಶರು ಕೇಳಿದ್ದು ಚಿಹ್ನೆಯ ಹೆಸರನ್ನಲ್ಲ. ಅದು ಇದ್ದರೆ ಅರ್ಥವೇನು, ಇಲ್ಲದಿದ್ದರೆ ಅರ್ಥವೇನು ಎಂದು.

ನಮ್ಮ ಪರೀಕ್ಷೆಗಳೂ ಅದನ್ನೇ ಏಕೆ ಕೇಳಬಾರದು? ಒಂದು ವಾಕ್ಯ ಕೊಟ್ಟು ಚಿಹ್ನೆ ಹಾಕಿ ಎನ್ನುವ ಬದಲು, ಎರಡು ಬಗೆಯಾಗಿ ಚಿಹ್ನೆ ಹಾಕಿದ ಒಂದೇ ವಾಕ್ಯವನ್ನು ಕೊಟ್ಟು, ಇವೆರಡರ ಅರ್ಥಭೇದವನ್ನು ನಿಮ್ಮ ಭಾಷೆಯಲ್ಲಿ ಹೇಳಿ ಎನ್ನಬಹುದು. ಚಿಹ್ನೆಯಿಲ್ಲದ ವಾಕ್ಯಕ್ಕೆ ಎಷ್ಟು ಅರ್ಥಗಳಿವೆ, ತೋರಿಸಿ ಎನ್ನಬಹುದು. ಕೊಕ್ಕೆ, ದೊಡ್ಡಕ್ಷರಗಳಂಥ ಬರಿಯ ರೂಢಿಯ ನಿಯಮಗಳನ್ನು ಬೇರೆಯಾಗಿಟ್ಟು, ಇವು ಕಣ್ಣಿನ ರೂಢಿ, ನೋಡಿ ನೋಡಿ ಅಭ್ಯಾಸವಾಗಬೇಕಾದವು ಎಂದು ಪ್ರಾಮಾಣಿಕವಾಗಿ ಹೇಳಬಹುದು. ಹೀಗೆ ಮಾಡಿದರೆ ಉತ್ತರಗಳನ್ನು ತಿದ್ದಲು ಹೊತ್ತು ಹೆಚ್ಚು ಬೇಕಾಗುತ್ತದೆ, ನಿಜ. ನಾನು ಅಂದು ಉಳಿಸಿದ ಅರೆನಿಮಿಷದ ಬೆಲೆ ಒಬ್ಬ ಹುಡುಗನ ಒಂದು ವರ್ಷ.

ಸಂಜೆಯ ಹೊತ್ತು ನಾನು ಮಹಮೂದ್ ಗವಾನನ ಮದರಸಾದ ಕಡೆಗೆ ಹೋಗುವುದುಂಟು. 1472ರಲ್ಲಿ ಅದನ್ನು ಕಟ್ಟಿಸಿದ ಆ ಬಹಮನೀ ಮಂತ್ರಿ, ಪತ್ರ ಬರೆಯುವ ಕಲೆಯನ್ನು ಕುರಿತು ‘ಮನಾಜಿರುಲ್ ಇನ್ಶಾ’ ಎಂಬ ಕೈಪಿಡಿಯನ್ನೇ ಪಾರಸಿಯಲ್ಲಿ ಬರೆದವನು. ಅವನ ಕೊನೆಯಾದದ್ದೂ ಒಂದು ಪತ್ರದಿಂದಲೇ. ಹಗೆಗಳು ಅವನ ಮೊಹರನ್ನು ಬರಿಯ ಕಾಗದದ ಮೇಲೆ ಒತ್ತಿಸಿಕೊಂಡು, ಒರಿಸ್ಸಾದ ಅರಸನಿಗೆ ಅವನು ಬರೆದಂತೆ ದ್ರೋಹದ ಮಾತುಗಳನ್ನು ತುಂಬಿ, ಸುಲ್ತಾನ ಮೂರನೆಯ ಮುಹಮ್ಮದನ ಮುಂದೆ ಇಟ್ಟರು. ಮೊಹರು ನಿಜವಾದದ್ದು. ಒಳಗಿನ ಮಾತು ಯಾರದು ಎಂದು ಸುಲ್ತಾನ ವಿಚಾರಿಸಲಿಲ್ಲ. 1481ರಲ್ಲಿ ಗವಾನನ ತಲೆ ಉರುಳಿತು. ಅದರೊಡನೆ ಒಂದು ಶಾಲಾ ಪರೀಕ್ಷೆಯನ್ನು ಹೋಲಿಸುವುದು ಅತಿಯಾದೀತು. ಆದರೂ ಗುರುತನ್ನಷ್ಟೇ ನೋಡಿ ಮಾತು ಯಾರದೆಂದು ಕೇಳದೆ ತೀರ್ಪು ಕೊಡುವುದೆಂದರೇನು ಎಂದು ಆ ಗೋಡೆಗಳ ನೆರಳಿನಲ್ಲಿ ನಿಂತಾಗ ನನಗೆ ನೆನಪಾಗುತ್ತದೆ.

ಆ ಹುಡುಗನ ವಿಷಯ ಇನ್ನಿಷ್ಟು ಉಳಿದಿದೆ. ಅವನು ಒಂಬತ್ತನೆಯ ತರಗತಿಯಲ್ಲಿ ಮತ್ತೊಂದು ವರ್ಷ ಕುಳಿತ. ಮರುವರ್ಷವೂ ಪ್ರಶ್ನಪತ್ರಿಕೆ ನನ್ನದೇ. ಹಳೆಯ ವಾಕ್ಯವನ್ನೇ ಮತ್ತೆ ಕೊಟ್ಟೆ. ನನ್ನ ತಪ್ಪನ್ನು ತಿದ್ದಿಕೊಳ್ಳಬೇಕೆಂಬ ಆಸೆಯೂ ಅದರಲ್ಲಿ ಸ್ವಲ್ಪ ಇದ್ದೀತು. ಅವನ ಉತ್ತರಪತ್ರಿಕೆಯನ್ನು ಮೊದಲು ಹುಡುಕಿ ತೆಗೆದೆ. ಇನ್ಸ್‌ಪೆಕ್ಟರರು ಹೇಳಿದರು, ಹೆಡ್‌ಮಾಸ್ತರರು ತಡವಾಗಿ ಬಂದಿದ್ದಾರೆ ಎಂದು ಬರೆದಿದ್ದ. ನಾನು ಬಯಸಿದ ಉತ್ತರ ಚುಕ್ಕೆ ತಪ್ಪದೆ ಅಲ್ಲಿತ್ತು. ಎರಡು ಅಂಕ ಕೊಟ್ಟೆ. ಅಂದು ಕೊಟ್ಟ ಆ ಎರಡು ಅಂಕಗಳ ಬಗ್ಗೆ ನನಗಿರುವ ಸಂಕಟ, ಹಿಂದಿನ ವರ್ಷ ಹಾಕಿದ ಸೊನ್ನೆಯ ಬಗ್ಗೆ ಕೂಡ ಇಲ್ಲ.